ಡ್ಯೂಟಿ ಮುಗಿದ ಮೇಲೆ ಹೇಳು

ಇಂಡಿ
1 ಡಿಸೆಂಬರ್ 2024

ಮುಂಬಯಿ ಲೋಕಲ್‌ನ ಮೋಟರ್‌ಮನ್ ಗುರುಬಸವ ಸಾಹೇಬರಿಗೆ, ತವರಿನಲ್ಲಿ ಕಾಲು ಚಾಚಿ ಕೂತಿರುವ ಹೆಂಡತಿಯ ನಮಸ್ಕಾರ.

ನಾನು ಇಲ್ಲಿಗೆ ಬಂದು ವಾರವಾಯಿತು. ಮಾತು ಕೊಟ್ಟಂತೆ ನೀವು ಪತ್ರ ಬರೆಯಲಿಲ್ಲ, ಅದಕ್ಕೇ ನಾನೇ ಶುರು ಮಾಡಿದ್ದೇನೆ. ಫೋನ್ ಇದೆಯಲ್ಲ ಎಂದು ನೆಪ ಹೇಳಬೇಡಿ. ಫೋನಿನಲ್ಲಿ ನಿಮ್ಮ ಹತ್ತಿರ ಇರುವುದು ಎರಡೇ ಮಾತು, ‘ಹ್ಞೂಂ’ ಮತ್ತು ‘ಆತು’. ನನ್ನ ಪಾಡೂ ಅಷ್ಟೇ. ಫೋನ್ ಬಂದರೆ ಅವ್ವ ಸ್ಪೀಕರ್ ಹಾಕು ಅನ್ನುತ್ತಾಳೆ, ಪಕ್ಕದ ಮನೆಯ ಇಂದ್ರಾಬಾಯಿ ಕಾಕೂ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಾಳೆ. ಅವರೆದುರು ಗಂಡನ ಜೊತೆ ಏನು ಮಾತಾಡಲಿ? “ಊಟ ಆತೇನ್ರಿ” ಅಂತ ಕೇಳಿ ಇಡುವುದೇ. ಪತ್ರವಾದರೆ ಹಿತ್ತಲಿಗೆ ಹೋಗಿ ಒಬ್ಬಳೇ ಓದಬಹುದು.

ಮಗು ಸಂಜೆಯ ಹೊತ್ತಿಗೆ ಚೆನ್ನಾಗಿ ಒದೆಯುತ್ತದೆ. ಅಪ್ಪ ಡ್ಯೂಟಿ ಮುಗಿಸಿ ಬರುವ ಹೊತ್ತು ಅದಕ್ಕೂ ಗೊತ್ತಾಗಿರಬೇಕು. ಫೆಬ್ರವರಿ ನಡುವಿಗೆ ಹೆರಿಗೆ, ಅಲ್ಲಿಯವರೆಗೆ ರಜೆ ಉಳಿಸಿಕೊಳ್ಳಿ.

ಮುಂಬಯಿಯಲ್ಲಿ ಮಂಜು ಎಂದು ಟಿ.ವಿ.ಯಲ್ಲಿ ತೋರಿಸಿದರು. ಮಂಜಿನಲ್ಲಿ ಗಾಡಿ ಓಡಿಸಿ ಬಂದ ದಿನ ನಿಮ್ಮ ಮುಖ ಹೇಗಿರುತ್ತದೆಂದು ನಾನು ಬಲ್ಲೆ. ಇಲ್ಲಿಯ ಚಿಂತೆ ತಲೆಗೆ ಹಾಕಿಕೊಳ್ಳಬೇಡಿ. ಮದುವೆಯಾದ ಹೊಸತರಲ್ಲಿ ಆಂಟಾಪ್ ಹಿಲ್‌ಗೆ ಊಟಕ್ಕೆ ಹೋದಾಗ, ನಿಮಗೆ ಗಾಡಿ ಕಲಿಸಿದ ಶೆಟ್ಟೆಪ್ಪ ಮಾಮಾ ನನ್ನನ್ನು ತಮ್ಮ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದು ನೆನಪಿದೆಯೇ? “ತಂಗೀ, ಅಂವನ ಬೆನ್ನ ಹಿಂದ ಸಾವಿರಾರು ಮಂದಿ ಕುಂತಿರ್ತಾರ. ಅಂವ ಡ್ಯೂಟಿಗೆ ಹೊಂಟಾಗ ಮನಿ ತಾಪತ್ರಯ ತಲ್ಯಾಗ ಹಾಕಬ್ಯಾಡವಾ. ಏನಿದ್ರೂ ಡ್ಯೂಟಿ ಮುಗದ ಮ್ಯಾಲ ಹೇಳು.” ಅವತ್ತಿನಿಂದ ಆ ಮಾತು ನಾನು ಮುರಿದಿಲ್ಲ. ಅಜ್ಜ ಹೋದ ಸುದ್ದಿ ಬಂದ ದಿನವೂ ನಗುತ್ತಾ ನಿಮಗೆ ಡಬ್ಬಿ ಕಟ್ಟಿಕೊಟ್ಟು, ಆಮೇಲೆ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಇಲ್ಲಿಂದಲೂ ಅದೇ ನಡೆಯುತ್ತದೆ. ನೀವು ಕಣ್ಣು ಸಿಗ್ನಲ್ ಮೇಲಿಡಿ.

ಮಾಧುರಿ


ಕಾಂದಿವಲಿ
9 ಡಿಸೆಂಬರ್ 2024

ಮಾಧುರಿಗೆ,

ಪತ್ರ ತಲುಪಿತು. ನಾನು ಆರಾಮ ಇದ್ದೇನೆ. ಡ್ಯೂಟಿ ಸರಿಯಾಗಿ ನಡೆದಿದೆ. ಅಡುಗೆ ಮಾಡಿಕೊಳ್ಳುತ್ತಿದ್ದೇನೆ, ರೊಟ್ಟಿ ಮಾತ್ರ ಹೊರಗಿನಿಂದ.

ಇಲ್ಲಿಗೆ ನನ್ನ ಪತ್ರ ಮುಗಿಯಿತು. ಆದರೆ ಪುಟ ತುಂಬಿಸಲೇಬೇಕು ಎಂದು ನೀನು ಹೋಗುವಾಗ ತಾಕೀತು ಮಾಡಿದ್ದೆ. ಹಾಗಾಗಿ ಪಾರ್ಕಿನ ವಿಷಯ ಬರೆಯುತ್ತೇನೆ.

ಈಗ ಬೆಳಗ್ಗೆ ಬೋರಿವಲಿಯ ನ್ಯಾಷನಲ್ ಪಾರ್ಕಿಗೆ ನಡೆಯಲು ಹೋಗುತ್ತೇನೆ. ಇಷ್ಟು ವರ್ಷ ಕಾಂದಿವಲಿಯಲ್ಲಿದ್ದೂ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ, ನೀನು ಕರೆದಾಗಲೆಲ್ಲ ನಿದ್ದೆ ಎನ್ನುತ್ತಿದ್ದೆ. ಗೇಟಿನ ಹೊರಗೆ ಹೈವೇಯ ಗದ್ದಲ. ಒಳಗೆ ಸ್ವಲ್ಪ ದೂರ ಹೋದರೆ ಅದೆಲ್ಲ ಕಡಿಮೆಯಾಗುತ್ತದೆ. ಮಂಜು ಎಷ್ಟಿರುತ್ತದೆಂದರೆ ಮರದ ಕೆಳಗಿನ ಅರ್ಧ ಕಾಣುತ್ತದೆ, ಮೇಲಿನದು ಇಲ್ಲವೇ ಇಲ್ಲ. ಮಳೆ ಬಂದಿರುವುದಿಲ್ಲ, ಆದರೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ನಾನು ಒಂದು ಮರದ ಕೆಳಗೆ ನಿಂತು ಆ ಸದ್ದು ಕೇಳುತ್ತಾ ಎಷ್ಟೋ ಹೊತ್ತು ಇದ್ದುಬಿಡುತ್ತೇನೆ. ಇಲ್ಲಿ ಮುಂದಿನದು ಕಾಣದಿದ್ದರೂ ನಡೆಯುತ್ತದೆ. ಬಿಸಿಲೇರಿದ ಮೇಲೆ ಮನೆಗೆ ಬರುತ್ತೇನೆ.

ಮಕ್ಕಳ ಆಟದ ರೈಲಿನ ಹಳಿಯೂ ಇದೆ. ರೈಲು ಓಡದೆ ಬಹಳ ಕಾಲವಾಗಿದೆ, ಹಳಿಯ ತುಂಬಾ ಎಲೆ. ನನ್ನ ಕಾಲು ತಾನಾಗಿ ಅದರ ಪಕ್ಕಕ್ಕೇ ಹೋಗುತ್ತದೆ, ಕೆಲಸದ ಚಾಳಿ. ಸಪ್ನಾ ಮೇಡಂ ಹೇಳಿದಂತೆ ಕೈ ಬಿಚ್ಚಿ ನಡೆಯುವುದನ್ನು ರೂಢಿ ಮಾಡುತ್ತಿದ್ದೇನೆ.

ಅತ್ತೆಯವರಿಗೆ ನಮಸ್ಕಾರ ಹೇಳು.

ಗುರುಬಸವ


ಇಂಡಿ
15 ಡಿಸೆಂಬರ್ 2024

ಪಾರ್ಕ್ ಸಾಹೇಬರಿಗೆ,

ಪತ್ರ ಓದಿ ಮೊದಲು ಖುಷಿಯಾಯಿತು. ನನ್ನ ಗಂಡ ಮರದ ಬಗ್ಗೆ ಇಷ್ಟು ಸಾಲು ಬರೆದಿದ್ದಾನೆ! ಬಾಲ್ಕನಿಯ ತುಳಸಿ ಒಣಗಿದ್ದನ್ನೂ ಗಮನಿಸದ ಮನುಷ್ಯ. ಎರಡನೇ ಸಲ ಓದಿದೆ, ಖುಷಿ ಅರ್ಧವಾಯಿತು. ಮೂರನೇ ಸಲ ಓದಿದ ಮೇಲೆ ನಿದ್ದೆ ಬರಲಿಲ್ಲ.

ಡಿಸೆಂಬರ್ ಪೂರ್ತಿ ನಿಮ್ಮದು ಬೆಳಗಿನ ಡ್ಯೂಟಿ. ಆ ಚಾರ್ಟನ್ನು ಫ್ರಿಜ್ಜಿಗೆ ಅಂಟಿಸಿ ಬಂದವಳು ನಾನೇ. ಬಿಸಿಲೇರುವ ತನಕ ಪಾರ್ಕಿನಲ್ಲಿ ಇದ್ದರೆ ಗಾಡಿ ಯಾರು ಓಡಿಸುತ್ತಾರೆ?

ಮತ್ತೆ ಈ ಸಪ್ನಾ ಮೇಡಂ ಯಾರು? ನಿಮ್ಮ ಕೈ ಮುಚ್ಚಿದೆಯೋ ಬಿಚ್ಚಿದೆಯೋ ನೋಡುವಷ್ಟು ಹತ್ತಿರದಲ್ಲಿ ನಡೆಯುವವರು? ತಮಾಷೆಗೆ ಕೇಳುತ್ತಿದ್ದೇನೆ ಎಂದುಕೊಳ್ಳಿ. ಆದರೆ ಉತ್ತರ ತಮಾಷೆಯದು ಬೇಡ.

ಅಕ್ಷರ ಸೊಟ್ಟಗಿದೆ, ಬೇಸರ ಮಾಡಿಕೊಳ್ಳಬೇಡಿ. ಮಲಗಿಕೊಂಡೇ ಬರೆಯುತ್ತಿದ್ದೇನೆ. ತವರಿಗೆ ಬಂದ ಮಗಳ ಸೋಮಾರಿತನ, ಅವ್ವ ಏಳಲು ಬಿಡುವುದಿಲ್ಲ. ಅವಳಿಗೂ ವಯಸ್ಸಾಯಿತು, ಅಡುಗೆಗೆ ಉಪ್ಪು ಹಾಕುವುದನ್ನೇ ಮರೆಯುತ್ತಾಳೆ. ಸಪ್ಪನೆಯ ಸಾರು ಉಂಡೂ ಉಂಡೂ ನಾಲಿಗೆ ಜಡ್ಡುಗಟ್ಟಿದೆ. ಬೇರೇನೂ ವಿಶೇಷವಿಲ್ಲ. ಮಗು ಚೆನ್ನಾಗಿದೆ. ನೀವು ಹುಷಾರಾಗಿ ಗಾಡಿ ಓಡಿಸಿ.

ಮಾಧುರಿ


ಕಾಂದಿವಲಿ
21 ಡಿಸೆಂಬರ್ 2024

ಮಾಧುರಿ,

ನಿನಗೆ ಸಿಟ್ಟು ಬಂದಿದೆ. ಮಲಗಿ ಬರೆದೆ ಎನ್ನುತ್ತೀಯ, ಆದರೆ ನಿನ್ನ ಸಾಲುಗಳು ಬಲಕ್ಕೆ ಜಾರಿ ಬಿದ್ದಿದ್ದು ಸಿಟ್ಟಿನಿಂದ ಎಂದು ನನಗೆ ಗೊತ್ತಾಗುತ್ತದೆ. ಕಾರಣವಿಲ್ಲದೆ ಸಿಟ್ಟು ಮಾಡಿಕೊಂಡಿದ್ದೀಯ. ಬೆಳಗಿನ ಡ್ಯೂಟಿಯನ್ನು ನವೀನನ ಜೊತೆ ಬದಲಾಯಿಸಿಕೊಂಡಿದ್ದೇನೆ, ಈಗ ನನ್ನದು ಮಧ್ಯಾಹ್ನದ್ದು. ಸಪ್ನಾ ಮೇಡಂ ಎಂದರೆ ಪಾರ್ಕಿಗೆ ಬರುವ ಒಬ್ಬ ವಯಸ್ಸಾದ ಹೆಂಗಸು, ಎಲ್ಲರಿಗೂ ಹೀಗೆ ನಡೆಯಿರಿ ಹಾಗೆ ನಡೆಯಿರಿ ಎಂದು ಹೇಳುತ್ತಿರುತ್ತಾರೆ. ಅಷ್ಟೇ.

ಉಪ್ಪಿನ ಡಬ್ಬಿಯನ್ನು ಅತ್ತೆಯವರ ಕಣ್ಣೆದುರೇ ಇಡು. ಅವರ ಕಣ್ಣನ್ನೂ ಒಮ್ಮೆ ತೋರಿಸಿಬಿಡು.

ನಿನ್ನೆ ಒಂದು ಸಂಗತಿ ನಡೆಯಿತು. ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ಮಂಜು ದಟ್ಟವಾಗಿತ್ತು. ಆಟದ ರೈಲಿನ ಹಳಿಯ ನಡುವೆ ನಾನು ನಿಂತಿದ್ದೆ. ಎದುರಿಗೆ ಬಿಳಿ ಬಿಟ್ಟು ಏನೂ ಇಲ್ಲ. ಆ ಬಿಳಿಯೊಳಗಿಂದ ಒಂದು ಜಿಂಕೆ ಹಳಿಯ ಮೇಲೆ ಬಂತು. ಚುಕ್ಕೆ ಎಣಿಸುವಷ್ಟು ಹತ್ತಿರ. ಅರ್ಧ ದಾಟಿ ನಿಂತು ನನ್ನ ಕಡೆ ತಿರುಗಿ ನೋಡಿತು. ಕೂಗಬೇಕೆನಿಸಿತು, ದನಿ ಬರಲಿಲ್ಲ. ಅದು ಕಿವಿ ಅಲ್ಲಾಡಿಸಿತು, ಹಳಿ ದಾಟಿ ಆಚೆ ಹೋಯಿತು. ಅದರ ಕಾಲ ಸದ್ದು ಎಲೆಯ ಮೇಲೆ ಸ್ವಲ್ಪ ಹೊತ್ತು ಕೇಳಿಸಿತು.

ನಾನು ಅಲ್ಲೇ ಹಳಿಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಯಾಕೆಂದು ಕೇಳಬೇಡ. ಮನಸ್ಸು ಹಗುರವಾಗಿತ್ತು ಎಂದಷ್ಟೇ ಬರೆಯಬಲ್ಲೆ.

ಗುರುಬಸವ


ಇಂಡಿ
28 ಡಿಸೆಂಬರ್ 2024

ನಿಮಗೆ,

ಮಧ್ಯಾಹ್ನದ ಡ್ಯೂಟಿ ಎಂದು ಬರೆದಿರಿ. ಕ್ಯಾಬಿನಲ್ಲಿ ಕೂತ ಮೋಟರ್‌ಮನ್ ಫೋನ್ ಮುಟ್ಟುವುದಿಲ್ಲ. ಮೊನ್ನೆ ಮಧ್ಯಾಹ್ನ ಅವ್ವ ಫೋನ್ ಮಾಡಿದಾಗ ಮೊದಲನೇ ರಿಂಗಿಗೇ ಎತ್ತಿದಿರಿ. ಹಿಂದುಗಡೆ ನಮ್ಮ ಮನೆಯ ಗೋಡೆ ಗಡಿಯಾರ ಹೊಡೆಯುವುದು ಅವಳಿಗೂ ಕೇಳಿಸಿತು.

ಜಿಂಕೆ ನೋಡಿ ಅಳುವ ಗಂಡಸು ನನ್ನ ಜೊತೆ ಸಂಸಾರ ಮಾಡಿದವನಲ್ಲ. ನನ್ನ ಗಂಡನನ್ನು ಯಾರೋ ಬದಲಾಯಿಸಿದ್ದಾರೆ. ಇಲ್ಲಿ ಮಲಗಿದ ಕಡೆಯಿಂದ ಮೇಲಿನ ಫ್ಯಾನು ನೋಡುತ್ತಾ ನಾನು ಏನೇನು ಯೋಚಿಸಿದೆ ಎಂದು ಬರೆದರೆ ನಿಮಗೇ ನಾಚಿಕೆಯಾದೀತು. ನನಗೂ ಆಗಿದೆ.

ಆಕೆ ಯಾರು? ಒಂದು ಸಾಲು ಬರೆಯಿರಿ. ಗಿಡಮರದ ವರ್ಣನೆ ಬೇಡ.

ಮಾಧುರಿ


ಕಾಂದಿವಲಿ
2 ಜನವರಿ 2025

ಮಾಧುರಿ,

ಸಪ್ನಾ ಮೇಡಂ ಕೌನ್ಸೆಲರ್. ಆಫೀಸಿನವರು ನನ್ನನ್ನು ಅವರ ಹತ್ತಿರ ಕಳಿಸಿದರು. ನೀನು ಕೇಳಿದ ಒಂದು ಸಾಲು ಇದು. ಉಳಿದದ್ದನ್ನು ಓದುವಾಗ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೋ.

ನೀನು ಊರಿಗೆ ಹೋದ ವಾರದಲ್ಲೇ ಒಂದು ಬೆಳಗ್ಗೆ ನನ್ನ ಗಾಡಿಗೆ ಒಬ್ಬ ಮನುಷ್ಯ ಸಿಕ್ಕಿದ. ಮಂಜು ಇತ್ತು. ನಾನು ನಿಧಾನವಾಗಿಯೇ ಇದ್ದೆ, ಸೀಟಿಯನ್ನೂ ಹಾಕಿದ್ದೆ. ತಿರುವಿನಲ್ಲಿ ಬಿಳಿಯೊಳಗಿಂದ ಬಂದ. ಕಿವಿಗೆ ಮಫ್ಲರ್ ಸುತ್ತಿದ್ದ, ಕೈಯಲ್ಲಿ ಬಟ್ಟೆಯ ಚೀಲ. ಅರ್ಧ ದಾಟಿ ನಿಂತು ನನ್ನ ಕಡೆ ತಿರುಗಿ ನೋಡಿದ. ಬ್ರೇಕ್ ಹಾಕಿದೆ. ಗಾಡಿ ನಿಲ್ಲಬೇಕಲ್ಲ, ಅದು ಬೇಕೆಂದಲ್ಲಿ ನಿಲ್ಲುವ ವಸ್ತುವಲ್ಲ. ಆಮೇಲೆ ಗಾರ್ಡ್ ಅಮೋಲ್ ಇಳಿದು ಹೋಗಿ ನೋಡಿ ಬಂದ. “ದಾದಾ, ತುಮಿ ನಕಾ ಉತರು” ಅಂದ, ನೀವು ಇಳಿಯಬೇಡಿ ಅಂತ. ಹಿಂದೆ ಬೇರೆ ಗಾಡಿ ಕಾಯುತ್ತಿತ್ತು. ಕೊನೆಯ ಸ್ಟೇಷನ್ನಿನವರೆಗೆ ನಾನೇ ಓಡಿಸಿಕೊಂಡು ಹೋದೆ.

ನಿನಗೆ ಗೊತ್ತಿದೆ, ಓಡಿಸುವಾಗ ನಮ್ಮ ಕೈ ಹಿಡಿಕೆಯನ್ನು ಒತ್ತಿಕೊಂಡೇ ಇರಬೇಕು, ಬಿಟ್ಟರೆ ಗಾಡಿ ತಾನೇ ನಿಂತುಬಿಡುತ್ತದೆ. ಅವತ್ತು ಮನೆಗೆ ಬಂದ ಮೇಲೂ ನನ್ನ ಕೈ ಬಿಚ್ಚಲಿಲ್ಲ. ತುತ್ತು ಎತ್ತಲು ಆಗಲಿಲ್ಲ. ಮಾರನೇ ದಿನ ಕ್ಯಾಬಿನ ಮೆಟ್ಟಿಲ ಹತ್ತಿರ ಹೋದೆ, ಕೈ ನಡುಗಿತು, ವಾಪಸು ಬಂದೆ. ಅವತ್ತಿನಿಂದ ನಾನು ಡ್ಯೂಟಿಯಲ್ಲಿಲ್ಲ. ಸಪ್ನಾ ಮೇಡಂ ಹೇಳಿದರು, ಬೆಳಗ್ಗೆ ಹೊರಗೆ ನಡೆಯಿರಿ, ಹಸಿರು ಇರುವ ಕಡೆ, ಕೈ ಬಿಚ್ಚಿಕೊಂಡು. ಮಂಜಿಗೆ ನಾನು ಹೆದರಿ ಸಾಯುತ್ತಿದ್ದೆ. ಮೊದಲ ದಿನ ಪಾರ್ಕಿನ ಗೇಟಿನಲ್ಲೇ ಮರದ ಕಾಂಡ ಹಿಡಿದು ನಿಂತಿದ್ದೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಒಳಗೆ. ಆ ಜಿಂಕೆ ಬಂದ ದಿನ ನಾನು ಯಾಕೆ ಅತ್ತೆ ಎಂದು ಈಗ ನಿನಗೆ ಗೊತ್ತಾಗಿರಬೇಕು. ಅದು ದಾಟಿ ಹೋಯಿತು, ಮಾಧುರಿ.

ಈ ತಿಂಗಳ ಹತ್ತನೇ ತಾರೀಕು ಆಫೀಸಿನ ಸಾಹೇಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೆಳಗಿನ ಗಾಡಿ ಓಡಿಸಿ ತೋರಿಸಬೇಕು. ಆಗದಿದ್ದರೆ ಕ್ಯಾಬ್ ಬಿಟ್ಟು ಕುರ್ಚಿಯ ಕೆಲಸ, ಮತ್ತೆಂದೂ ಗಾಡಿ ಇಲ್ಲ. ನನಗೆ ಬೇರೆ ಕೆಲಸ ಬೇಡ. ಆದರೆ ಆ ತಿರುವು ಬಂದಾಗ ಕೈ ಏನು ಮಾಡುತ್ತದೋ ನನಗೇ ಗೊತ್ತಿಲ್ಲ.

ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳಿಗೆ ಸಾವಿನ ಸುದ್ದಿ ಹೇಳಬಾರದೆಂದು ಸುಮ್ಮನಿದ್ದೆ. ತಪ್ಪು ತಿಳಿಯಬೇಡ.

ಗುರುಬಸವ


ವಿಜಯಪುರ, ದವಾಖಾನೆ
6 ಜನವರಿ 2025

(ಲಕೋಟೆಯ ಮೇಲೆ: ಹತ್ತನೇ ತಾರೀಕು ಡ್ಯೂಟಿಗೆ ಹೋಗುವ ಮೊದಲೇ ಓದುವುದು.)

ರೀ,

ಪತ್ರ ಓದಿ ಮೊದಲು ಅತ್ತೆ. ಆ ಮಫ್ಲರ್‌ನವನಿಗೂ ಮನೆಯಲ್ಲಿ ಯಾರಾದರೂ ಡಬ್ಬಿ ಕಟ್ಟಿಕೊಟ್ಟಿರುತ್ತಾರೆ ಎಂದು ಅತ್ತೆ. ನೀವು ಒಬ್ಬರೇ ಆ ಮನೆಯಲ್ಲಿ ಮುಚ್ಚಿದ ಕೈ ಹಿಡಿದುಕೊಂಡು ಕೂತದ್ದನ್ನು ನೆನೆದು ಅತ್ತೆ. ಆಮೇಲೆ ಬಂತು ನೋಡಿ ಸಿಟ್ಟು. ಅಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಮೇಲೆ ಊರಿನ ಹೆಸರು ನೋಡಿದಿರಾ? ಡಿಸೆಂಬರ್ ಎರಡನೇ ವಾರದಿಂದ ನಾನು ಹಾಸಿಗೆಯಲ್ಲಿದ್ದೇನೆ, ಒಂದು ಸಲ ಇಂಡಿಯಲ್ಲಿ, ಒಂದು ಸಲ ಇಲ್ಲಿ. ಬಿ.ಪಿ. ಏರಿದ್ದು ಇಳಿಯುತ್ತಿಲ್ಲ. ಅವ್ವ ಉಪ್ಪು ಮರೆಯಲಿಲ್ಲ, ಡಾಕ್ಟರು ಬಿಡಿಸಿದರು. ಅಕ್ಷರ ಜಾರಿದ್ದು ಸಿಟ್ಟಿನಿಂದಲ್ಲ. ಎಡಗೈಗೆ ಸಲೈನ್ ಹಾಕಿದ್ದರು, ಅಂಗಾತ ಮಲಗಿ ಬರೆಯುತ್ತಿದ್ದೆ. ಮಗು ಬೆಳೆಯುವುದು ನಿಧಾನವಾಗಿದೆ ಎನ್ನುತ್ತಾರೆ. ಹದಿಮೂರಕ್ಕೆ ಆಪರೇಷನ್ ಮಾಡಿ ತೆಗೆಯುತ್ತಾರೆ, ಅಲ್ಲಿಯವರೆಗೆ ತಡೆದರೆ.

ಅವತ್ತು ಮಧ್ಯಾಹ್ನ ಅವ್ವ ಫೋನ್ ಮಾಡಿದ್ದು ಇದನ್ನೇ ಹೇಳಲಿಕ್ಕೆ. ನಿಮ್ಮ ದನಿ ಕೇಳಿದ ಕೂಡಲೇ ನಾನು ಕಣ್ಣು ಬಿಟ್ಟು, ನಿಮಗೆ ಕೇಳದ ಹಾಗೆ ಪಿಸುದನಿಯಲ್ಲೇ ಹೆದರಿಸಿದೆ. “ಡ್ಯೂಟಿ ಮ್ಯಾಲ ಇರೋ ಮನಶ್ಯಾಗ ಹೇಳ್ತಿಯೇನವಾ? ಮಂದಿ ಜೀವ ಐತಿ ಅವರ ಕೈಯಾಗ!” ಅವಳು “ಊಟ ಆತೇನ್ರಿ” ಅಂತ ಕೇಳಿ ಇಟ್ಟುಬಿಟ್ಟಳು. ಹಿಂದೆ ಹೊಡೆದದ್ದು ನಮ್ಮ ಮನೆಯ ಗಡಿಯಾರವೆಂದು ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ.

ನಾನು ಯಾರನ್ನು ಕಾಯುತ್ತಿದ್ದೆ, ಹೇಳಿ. ಸಾವಿರ ಜನ ಸುರಕ್ಷಿತ ಮನೆ ಸೇರಲಿ ಎಂದು ತುಟಿ ಕಚ್ಚಿ ಮಲಗಿದ್ದೆ. ನಿಮ್ಮ ಬೆನ್ನ ಹಿಂದೆ ಒಬ್ಬರೂ ಇರಲಿಲ್ಲ. ಡ್ಯೂಟಿಯಲ್ಲಿಲ್ಲ ಎಂದು ಒಂದು ಮಾತು ಬರೆದಿದ್ದರೆ ನಾನು ಅವತ್ತೇ ಎಲ್ಲ ಹೇಳುತ್ತಿದ್ದೆ, ನೀವು ಮರುದಿನ ಇಲ್ಲಿರುತ್ತಿದ್ದಿರಿ. ಪಾರ್ಕಿನ ಮರದ ಕೆಳಗೆ ನಿಲ್ಲುವ ಬದಲು ನನ್ನ ಮಂಚದ ಪಕ್ಕ ನಿಂತು ಗಡಗಡ ನಡುಗಬಹುದಿತ್ತು. ಇಬ್ಬರೂ ಸೇರಿ ನಡುಗುತ್ತಿದ್ದೆವು.

ಶೆಟ್ಟೆಪ್ಪ ಮಾಮಾ ದೊಡ್ಡವರು, ಅವರ ಮಾತಿಗೆ ಎದುರಾಡಿದವಳಲ್ಲ. ಇವತ್ತು ಮುರಿಯುತ್ತಿದ್ದೇನೆ. ನಿಮ್ಮ ಪರೀಕ್ಷೆಯ ದಿನವೇ, ಗಾಡಿ ಹತ್ತುವ ಮೊದಲೇ ಇದನ್ನು ಹೇಳುತ್ತಿದ್ದೇನೆ. ಯಾಕೆಂದರೆ ಹೇಳದೆ ಇಟ್ಟುಕೊಂಡ ಸುದ್ದಿ ನಮ್ಮಿಬ್ಬರನ್ನೂ ಏನು ಮಾಡಿತು ಎಂದು ನೋಡಿಯಾಯಿತು. ಎಲ್ಲ ಗೊತ್ತಿದ್ದೂ ನೀವು ಓಡಿಸಬಲ್ಲಿರಿ ಎಂದು ನನಗೆ ನಂಬಿಕೆ ಇದೆ. ಆಗದಿದ್ದರೂ ಬನ್ನಿ. ಕುರ್ಚಿಯ ಮೇಲೆ ಕೂತ ಗಂಡನೂ ಗಂಡನೇ.

ಫೋನ್ ಮಾಡಬೇಡಿ. ನಾನು ಅಳುತ್ತೇನೆ, ನೀವು ‘ಹ್ಞೂಂ’ ಅನ್ನುತ್ತೀರಿ.

ನಿಮ್ಮ ಮಾಧುರಿ


ವಿಜಯಪುರದ ದಾರಿ, ಗದಗ ಗಾಡಿಯಲ್ಲಿ
10 ಜನವರಿ 2025

ಮಾಧುರಿ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ಕೊಡುತ್ತೇನೆ. ಎದುರಿಗೆ ನಿಂತರೆ ಮಾತು ಬರುವುದಿಲ್ಲ, ಅದಕ್ಕೆ ಈಗಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ಗಾಡಿ ಅಲ್ಲಾಡುತ್ತಿದೆ, ನನ್ನ ಸಾಲುಗಳೂ ಜಾರುತ್ತಿವೆ, ಸಿಟ್ಟಲ್ಲ.

ನಿನ್ನ ಲಕೋಟೆ ನಿನ್ನೆ ಸಂಜೆ ಬಂತು. ಮೇಲೆ ಬರೆದದ್ದನ್ನು ಓದಿ ಹೆದರಿಕೆಯಾಗಿ ಹಾಗೇ ಇಟ್ಟಿದ್ದೆ. ಬೆಳಗ್ಗೆ ಪಾರ್ಕಿಗೆ ತೆಗೆದುಕೊಂಡು ಹೋದೆ. ಮಂಜು ಎಂದಿಗಿಂತ ಹೆಚ್ಚಿತ್ತು. ಅದೇ ಮರದ ಕೆಳಗೆ ನಿಂತು ಒಡೆದೆ. ಓದುತ್ತಿದ್ದ ಹಾಗೆ ಹಾಳೆಯ ಮೇಲೆ ನೀರು ತೊಟ್ಟಿಕ್ಕಿತು, ಎಲೆಯದೂ ಇರಬಹುದು ನನ್ನದೂ ಇರಬಹುದು. ಓಡಿಬಂದು ಬಿಡಲೇ ಅನಿಸಿತು. ಸಾಹೇಬರಿಗೆ ಫೋನ್ ಮಾಡಿ ಆಗುವುದಿಲ್ಲ ಎನ್ನಲು ನಂಬರನ್ನೂ ತೆಗೆದಿದ್ದೆ. ಆದರೆ ಸುತ್ತಲೂ ಅಷ್ಟು ನಿಶ್ಶಬ್ದವಿತ್ತು. ಏನೂ ಕಾಣದ ಆ ಬಿಳಿಯಲ್ಲಿ ಒಂದು ಹಕ್ಕಿ ತನ್ನ ಪಾಡಿಗೆ ಕೂಗುತ್ತಿತ್ತು. ನಾನು ನಿಂತೇ ಇದ್ದೆ. ಹೆದರಿಕೆ ಹೋಗಲಿಲ್ಲ, ಆದರೆ ಈ ಸಲ ಯಾವುದಕ್ಕೆ ಹೆದರುತ್ತಿದ್ದೇನೆಂದು ನನಗೆ ಗೊತ್ತಿತ್ತು, ನೀನು ಬರೆದು ಕಳಿಸಿದ್ದೆ. ಪತ್ರ ಜೇಬಿನಲ್ಲಿಟ್ಟು ಸ್ಟೇಷನ್ನಿಗೆ ಹೋದೆ.

ಮೆಟ್ಟಿಲು ಹತ್ತಿದೆ. ಸಾಹೇಬರು ಪಕ್ಕದಲ್ಲಿ ನಿಂತರು. ಆ ತಿರುವು ಬಂದಾಗ ಬೇಕಾದದ್ದಕ್ಕಿಂತ ಉದ್ದ ಸೀಟಿ ಹಾಕಿದೆ. ಮಂಜಿನಲ್ಲಿ ಹಳಿಯ ಪಕ್ಕ ಯಾರೋ ನಿಂತಿದ್ದರು, ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು. ಸೀಟಿ ಕೇಳಿ ಹಿಂದಕ್ಕೆ ಸರಿದಳು. ಗಾಡಿ ಮುಂದೆ ಹೋಯಿತು. ನನ್ನ ಕೈ ಹಿಡಿಕೆಯ ಮೇಲೇ ಇತ್ತು.

ಕೊನೆಯಲ್ಲಿ ಸಾಹೇಬರು “ಸಬ್ ಠೀಕ್?” ಎಂದು ಕೇಳಿದರು. ಹ್ಞೂಂ ಎನ್ನಲು ಬಾಯಿ ತೆರೆದೆ. ಹೇಳಲಿಲ್ಲ. ಹೆಂಡತಿ ದವಾಖಾನೆಯಲ್ಲಿದ್ದಾಳೆ, ಬಿ.ಪಿ. ಇದೆ, ಆಪರೇಷನ್ ಇದೆ, ರಜೆ ಬೇಕು ಎಂದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ನನ್ನನ್ನೇ ನೋಡಿ, “ಅರೆ ಭಾಯಿ, ಪೆಹಲೆ ಬೋಲನಾ ಥಾ ನಾ” ಅಂದರು. ಮೊದಲೇ ಹೇಳಬೇಕಿತ್ತಲ್ಲ ಎಂದು ಅವರೂ ಬೈಯುತ್ತಾರೆ ನೋಡು. ನನಗೆ ನಗು ಬಂತು. ಅಷ್ಟು ದಿನಗಳ ಮೇಲೆ ಮೊದಲ ಸಲ.

ಹೊರಗೆ ಕತ್ತಲು. ಈ ಗಾಡಿಯನ್ನು ಯಾರು ಓಡಿಸುತ್ತಿದ್ದಾನೋ, ಅವನ ಮನೆಯಲ್ಲಿ ಅವನಿಗೆ ಎಲ್ಲ ಹೇಳಿರಲಿ.

ಬರುತ್ತಿದ್ದೇನೆ.

ಗುರುಬಸವ


ವಾರ್ಡಿನ ಒಳಗಿನಿಂದ
13 ಜನವರಿ 2025

ಹೊರಗೆ ಬೆಂಚಿನ ಮೇಲೆ ಕೂತ ಮೋಟರ್‌ಮನ್ ಸಾಹೇಬರಿಗೆ,

ಗಂಡಸರನ್ನು ಒಳಗೆ ಬಿಡುವುದಿಲ್ಲವಂತೆ, ಹಾಗಾಗಿ ಸಿಸ್ಟರ್ ಕೈಯಲ್ಲಿ ಚೀಟಿ. ಪೆನ್ನು ಸರಿಯಾಗಿ ಹಿಡಿಯಲು ಬರುತ್ತಿಲ್ಲ.

ಮಗಳು. ತೂಕ ಬಹಳ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅತ್ತಳು, ಆ ಸದ್ದು ನಾನು ಕೇಳಿದೆ. ಇನ್ನೂ ಕೆಲವು ದಿನ ಏನೂ ಹೇಳಲಿಕ್ಕಾಗದು ಎನ್ನುತ್ತಾರೆ ಡಾಕ್ಟರು. ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ. ನನಗೆ ಭಯವಾಗಿದೆ. ಇನ್ನು ಅಡಗಿಸಿಟ್ಟದ್ದು ನನ್ನ ಹತ್ತಿರ ಏನೂ ಇಲ್ಲ.

ಈಗ ನೀವು ಹೇಳಿ. ಇದೇ ಹಾಳೆಯ ಹಿಂದೆ.

ಮಾಧುರಿ


(ಅದೇ ಹಾಳೆಯ ಹಿಂದೆ)

ಗಾಜಿನ ಹೊರಗಿನಿಂದ ಆಕೆಯನ್ನು ತೋರಿಸಿದರು. ಮುಷ್ಟಿ ಬಿಗಿದು ಮಲಗಿದ್ದಾಳೆ, ಅವತ್ತಿನ ನನ್ನ ಹಾಗೇ.

ನನಗೂ ಭಯವಾಗಿದೆ, ಮಾಧುರಿ. ಬಹಳ ಭಯ. ನನ್ನ ಕೈ ಈಗ ಬಿಚ್ಚೇ ಇದೆ. ಆಕೆಗೂ ನಾನೇ ಕಲಿಸುತ್ತೇನೆ.